ಕೊಯ್ಯುವುದೋ, ಕಾಯುವುದೋ

ಪ್ರತಿ ತಿಂಗಳ ಮೊದಲ ವಾರ ಹೂಲಿಯ ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುವ ಕೆಲಸ. ತೊಲೆಗೆ ತೂಗುಹಾಕಿದ ತಕ್ಕಡಿಯ ಕೊಕ್ಕೆಗೆ ಬಟ್ಟೆಯ ಜೋಳಿಗೆ ಸಿಕ್ಕಿಸಿ, ಕೂಸನ್ನು ಅದರಲ್ಲಿ ಇಳಿಬಿಟ್ಟು, ಮುಳ್ಳು ನಿಂತ ಕಡೆಯ ಅಂಕಿಯನ್ನು ಮಾಲಾ ಬರೆದುಕೊಳ್ಳುತ್ತಿದ್ದಳು. ೨೦೦೧ರ ಏಪ್ರಿಲ್ ತಿಂಗಳ ಒಂದು ಮುಂಜಾನೆ, ಯಾರದೋ ಕೂಸು ಜೋಳಿಗೆಯಲ್ಲಿ ಕಾಲು ಬಡಿದು ಅಳುತ್ತಿರುವಾಗ, ಪೆನ್ನು ಹಿಡಿದ ಅವಳು ಹಾಗೆಯೇ ನಿಂತುಬಿಟ್ಟಳು. ಕಣ್ಣು ಮುಳ್ಳಿನ ಮೇಲಿತ್ತು. ಗಮನವೆಲ್ಲ ತನ್ನ ಹೊಟ್ಟೆಯೊಳಗಿತ್ತು.

ಅವಳಿಗೆ ಎಂಟು ತಿಂಗಳು ತುಂಬುತ್ತಿತ್ತು. ಬೆಳಗ್ಗೆ ರೊಟ್ಟಿ ಬಡಿಯುವಾಗ ಕೂಸು ಒಮ್ಮೆ ಹೊರಳಿದ್ದು ನೆನಪಿದೆ. ಅದಾದ ಮೇಲೆ ಹೊರಳಿತ್ತೋ ಇಲ್ಲವೋ, ಎಷ್ಟು ನೆನಪು ಮಾಡಿಕೊಂಡರೂ ಹೊಳೆಯುತ್ತಿಲ್ಲ.

"ಅಕ್ಕೋರ, ಇಳಸ್ರಿ ಅದನ್ನ. ಅತ್ತು ಅತ್ತು ಉಸುರು ಹಿಡಿದೈತಿ," ಎಂದಳು ಸಹಾಯಕಿ ರಾಚವ್ವ.

ಮಾಲಾ ಕೂಸನ್ನು ಅದರ ತಾಯಿಯ ಕೈಗೆ ಕೊಟ್ಟು, ರಿಜಿಸ್ಟರು ಮುಚ್ಚಿ, ಕಾಳಿನ ಚೀಲಗಳಿದ್ದ ಒಳಕೋಣೆಗೆ ಹೋದಳು. ಒಂದು ತಂಬಿಗೆ ನೀರು ಕುಡಿದು ಎಡಮಗ್ಗುಲಾಗಿ ಬರಿನೆಲದ ಮೇಲೆ ಮಲಗಿದಳು. ಹೊರಗೆ ಮಕ್ಕಳ ಗದ್ದಲ, ತಾಯಂದಿರ ಮಾತು. ಒಳಗೆ ಏನೂ ಇಲ್ಲ. ಬಿಸಿಲಿಗೆ ತಗಡಿನ ಮಾಡು ಟಕ್ ಎಂದು ಸದ್ದು ಮಾಡುತ್ತಿತ್ತು. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಆಮೇಲೆ ಪಕ್ಕೆಯ ಕೆಳಗೆ ಸಣ್ಣದೊಂದು ಒದೆತ, ಯಾರೋ ಒಳಗಿನಿಂದ ಬೆರಳು ತಾಗಿಸಿದ ಹಾಗೆ. ಅವಳಿಗೆ ಅಳು ಬರಲಿಲ್ಲ, ನಗುವೂ ಬರಲಿಲ್ಲ. ಎದ್ದು ಸೆರಗು ಕೊಡವಿಕೊಂಡು ಉಳಿದ ಮಕ್ಕಳನ್ನು ತೂಗಲು ಹೋದಳು. ಇಂದಿನದು ಮುಗಿಯಿತು, ನಾಳೆಯದು ಇನ್ನೂ ಇದೆ ಎಂದಷ್ಟೇ ಅವಳ ಲೆಕ್ಕ.

ಮಾಲಾ ಮುರಗೋಡದವಳು. ಶಾಲೆಯ ಸಿಪಾಯಿ ಶಟ್ಟೆಪ್ಪನ ಮಗಳು. ಪಿಯುಸಿ ಮುಗಿಸಿ, ಹೂಲಿಯ ಅಜಿತನನ್ನು ಮದುವೆಯಾಗಿ ಬಂದ ಮರುವರ್ಷವೇ ಅಂಗನವಾಡಿ ಕೆಲಸ ಸಿಕ್ಕಿತ್ತು. ಅಜಿತ ಸವದತ್ತಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನ ತಾಯಿ ಮರೆವ್ವ ಸೂಲಗಿತ್ತಿ. ಹೂಲಿಯಲ್ಲೂ ಸುತ್ತಲಿನ ಐದಾರು ಹಳ್ಳಿಗಳಲ್ಲೂ ಆಕೆ ಎತ್ತಿಕೊಳ್ಳದ ಕೂಸುಗಳು ಕಡಿಮೆ. ಉಳಿದ ದಿನ ಹಿತ್ತಲಲ್ಲೇ ನಿಲ್ಲಿಸಿ ಮಾತಾಡುವ ದೊಡ್ಡ ಮನೆಗಳವರು ಹೆರಿಗೆಯ ಬ್ಯಾನೆ ಹತ್ತಿದ ದಿನ ಮಾತ್ರ ಆಕೆಯನ್ನು ನಡುಮನೆ ದಾಟಿಸಿ ಒಳಗೆ ಕರೆದೊಯ್ಯುತ್ತಿದ್ದರು. ಮರೆವ್ವ ಆ ಬಗ್ಗೆ ಯಾರ ಮೇಲೂ ಸಿಟ್ಟು ತೋರಿಸಿದವಳಲ್ಲ. ಮಾತೇ ಕಡಿಮೆ. ಮಾತಿಗಿಂತ ಕೈ ಹೆಚ್ಚು ಆಡುತ್ತಿತ್ತು.

೧೯೯೮ರಲ್ಲಿ ಮಾಲಾ ಮೊದಲ ಸಲ ಬಸುರಾದಾಗ ಹೆರಿಗೆ ಎಲ್ಲಿ ಎಂಬ ಪ್ರಶ್ನೆಯೇ ಏಳಲಿಲ್ಲ. ಮನೆಯಲ್ಲೇ ಸೂಲಗಿತ್ತಿ ಇರುವಾಗ ಇನ್ನೆಲ್ಲಿ? ತವರಿಗೂ ಕಳಿಸಲಿಲ್ಲ. ದಿನ ತುಂಬಿದ ನವೆಂಬರಿನ ಒಂದು ಸೋಮವಾರ ಮಾಲಾ ಅತ್ತೆಗೆ ಹೇಳಿದ್ದಳು. "ಅತ್ತಿ, ನಿನ್ನೆ ಸಂಜಿಯಿಂದ ಗಪ್ ಆಗೈತ್ರಿ. ಅಳ್ಳಾಡವಲ್ದು."

ಮರೆವ್ವ ಆಗ ಹೊಸ್ತಿಲಲ್ಲಿದ್ದಳು. ಪಕ್ಕದ ಹಳ್ಳಿಯಿಂದ ಎತ್ತಿನ ಗಾಡಿ ಬಂದು ನಿಂತಿತ್ತು, ಅಲ್ಲೊಬ್ಬಳಿಗೆ ಬ್ಯಾನೆ ಹತ್ತಿತ್ತು. "ಹೊರಗ ಬರೂ ಮುಂದ ಸುಮ್ಮನಾಗ್ತಾವ. ನಾ ಬಂದು ನೋಡ್ತೇನಿ, ನೀ ಉಣ್ಣು," ಎಂದು ಹೇಳಿ ಗಾಡಿ ಹತ್ತಿದಳು. ಮರಳಿ ಬಂದದ್ದು ಮಂಗಳವಾರ ಸಂಜೆ. ಕೈಕಾಲು ತೊಳೆದು ಬಂದು ಮಾಲಾಳ ಹೊಟ್ಟೆಯ ಮೇಲೆ ಎರಡೂ ಅಂಗೈ ಇಟ್ಟಳು. ಇಟ್ಟ ಕೈ ಬಹಳ ಹೊತ್ತು ಹಾಗೆಯೇ ಇತ್ತು. "ಏನಿಲ್ಲ. ಗುರುವಾರದ ಹೊತ್ತಿಗೆ ಹಡೀತಿ," ಎಂದು ಎದ್ದು ಹೋದಳು.

ಗುರುವಾರವೇ ಹಡೆದಳು. ಮುಂಜಾನೆಯಿಂದ ಮುಸ್ಸಂಜೆಯವರೆಗೆ ಬ್ಯಾನೆ ತಿಂದಳು. ಕೂಸು ಬಂದಾಗ ಕೋಣೆಯಲ್ಲಿ ಯಾವ ಸದ್ದೂ ಆಗಲಿಲ್ಲ. ಮಾಲಾ ತಲೆಯೆತ್ತಿ ನೋಡುವಷ್ಟರಲ್ಲಿ ಮರೆವ್ವ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿಯಾಗಿತ್ತು. ಸೀರೆಯ ಹೊರಗೆ ಒಂದು ಅಂಗಾಲು ಕಂಡಿತು. ಚರ್ಮ ಬೇಯಿಸಿದ ಹಾಗೆ ಸುಲಿದಿತ್ತು. ಹೆಣ್ಣು ಕೂಸು ಎಂದು ಆಮೇಲೆ ಅಜಿತ ಹೇಳಿದ. ಮುಖ ತೋರಿಸಿ ಎಂದು ಮಾಲಾ ಕೇಳಿದಳು. ಬಾಣಂತಿ ನೋಡಬಾರದು ಎಂದು ಯಾರೋ ಅಂದರು, ಅಷ್ಟಕ್ಕೆ ಮುಗಿಯಿತು.

ಎರಡು ತಿಂಗಳ ನಂತರ ಕೆಲಸಕ್ಕೆ ಮರಳಿದಾಗ ಊರಿನ ಜನನ ಮರಣದ ಪುಸ್ತಕ ಬರೆಯದೆ ಬಾಕಿ ಉಳಿದಿತ್ತು. ಬರೆಯಬೇಕಾದವಳು ಅವಳೇ. ತಾಯಿಯ ಹೆಸರು, ತಂದೆಯ ಹೆಸರು, ತಾರೀಖು ಬರೆದು, ಮುಂದಿನ ಅಂಕಣದಲ್ಲಿ 'ಸತ್ತು ಹುಟ್ಟಿದ್ದು' ಎಂದು ತನ್ನ ಕೈಯಾರೆ ಬರೆದಳು. ಅಕ್ಷರ ಸ್ವಲ್ಪವೂ ನಡುಗಿರಲಿಲ್ಲ. ಅದನ್ನು ಕಂಡು ಅವಳಿಗೇ ಭಯವಾಯಿತು.

ಈ ಸಲ ಅವಳು ಬೈಲಹೊಂಗಲದ ಶೈಲಜಾ ಡಾಕ್ಟರ ನರ್ಸಿಂಗ್ ಹೋಮಿಗೆ ತೋರಿಸುತ್ತಿದ್ದಳು. ಡಾಕ್ಟರಿಗೆ ಐವತ್ತು ದಾಟಿತ್ತು. ಗಟ್ಟಿ ದನಿ, ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿಲ್ಲ. ದಿನಾ ಊಟವಾದ ಮೇಲೆ ಕೂತು ಕೂಸಿನ ಒದೆತ ಎಣಿಸು ಎಂದು ಆಕೆಯೇ ಹೇಳಿದ್ದರು. ಮಾಲಾ ಹುಣಸೆ ಬೀಜ ಇಟ್ಟುಕೊಂಡು ಎಣಿಸುತ್ತಿದ್ದಳು. ಏಪ್ರಿಲ್ ಕೊನೆಯಲ್ಲಿ ಗಂಡಹೆಂಡಿರನ್ನು ಎದುರಿಗೆ ಕೂರಿಸಿಕೊಂಡು ಡಾಕ್ಟರು ಮಾತು ಶುರು ಮಾಡಿದರು.

"ನೋಡವಾ, ಹಿಂದಿನ ಕೂಸು ಯಾಕ ಹೋತು ಅಂತ ನನಗ ಗೊತ್ತಿಲ್ಲ. ಆಗ ಯಾರೂ ತಪಾಸ ಮಾಡಿಲ್ಲ, ಈಗ ಮಾಡಾಕ ಬರೂದಿಲ್ಲ. ಈ ಕೂಸು ಇವತ್ತಿನತನಕ ಚೊಲೋ ಐತಿ. ಆದ್ರ ನಿನ್ನ ನಾ ಕಡೀ ದಿನದತನಕ ಬಿಡಂಗಿಲ್ಲ. ಮೂವತ್ತೆಂಟು ವಾರಕ್ಕ ಹೊರಗ ತಗೀಬೇಕು. ಅದಕ ಎರಡು ದಾರಿ ಅದಾವ. ಮೊದಲ ಒಂದು ದಿನಾ ಗೊತ್ತು ಮಾಡಿ ಸಿಜೇರಿಯನ್ ಮಾಡೂದು ಒಂದು. ಇಲ್ಲಾ, ಔಷಧ ಕೊಟ್ಟು ಬ್ಯಾನಿ ಬರಿಸಿ ಹಡಸೂದು ಇನ್ನೊಂದು."

"ಯಾವದು ಚೊಲೋರಿ ಡಾಕ್ಟರ್ ಬಾಯಾರ?" ಅಜಿತ ಕೇಳಿದ.

"ಕೊಯ್ದ್ರ ಹೊತ್ತು ನನ್ನ ಕೈಯಾಗ ಇರತೈತಿ. ಆದ್ರ ಅದು ಹೊಟ್ಟಿ ಕೊಯ್ಯೂದು. ರಕ್ತ ಹೋಗತೈತಿ, ಗಾಯ ಮಾಯಬೇಕು, ಮುಂದಿನ ಹೆರಿಗಿಗೂ ಆ ಗಾಯದ ಅಂಜಿಕಿ ಇರತೈತಿ. ಬ್ಯಾನಿ ತಿಂದು ಹಡದ್ರ ನಾಕು ದಿನದಾಗ ಎದ್ದು ಅಡ್ಡಾಡತಾಳ. ಆದ್ರ ಆ ಬ್ಯಾನಿ ತಿನ್ನೂ ಹೊತ್ತಿನ್ಯಾಗ ಕೂಸಿಗೆ ತ್ರಾಸ ಆಗಬಹುದು, ಆಗಲಿಕ್ಕೂ ಇಲ್ಲ. ಎರಡರಾಗ ಯಾವದಕ್ಕೂ ನಾ ಆಣಿ ಮಾಡಿ ಹೇಳಂಗಿಲ್ಲ."

"ನೀವ ಒಂದು ಹೇಳಿಬಿಡ್ರಿ."

"ಹೊಟ್ಟಿ ಅಕೀದು. ಅಕಿ ವಿಚಾರ ಮಾಡಲಿ. ಎರಡು ವಾರದಾಗ ಬಂದು ಹೇಳ್ರಿ."

ಮಾಲಾ ಅಲ್ಲಿಯತನಕ ಬಾಯಿ ಬಿಟ್ಟಿರಲಿಲ್ಲ. ಈಗ ಕೇಳಿದಳು. "ಕೊಯ್ಯೂವಾಗ ನನಗ ಎಚ್ಚರ ಇರತೈತೇನ್ರಿ?"

"ಬೆನ್ನಿಗೆ ಇಂಜೆಕ್ಷನ್ ಕೊಡತಾರ. ಕೆಳಗ ಮರಗಟ್ಟತೈತಿ, ಮ್ಯಾಲ ಎಚ್ಚರ ಇರತಿ. ಆದ್ರ ಆ ಇಂಜೆಕ್ಷನ್ ಕೊಡೂ ಡಾಕ್ಟರು ಬೆಳಗಾವಿಯಿಂದ ಬರೂದು ಮಂಗಳವಾರ, ಶುಕ್ರವಾರ ಅಷ್ಟ. ಬ್ಯಾರೆ ದಿನ ಏನಾರ ಹೆಚ್ಚುಕಡಿಮಿ ಆದ್ರ ನಿನ್ನ ಧಾರವಾಡಕ್ಕೋ ಬೆಳಗಾವಿಗೋ ಓಡಸಬೇಕು. ಅದನ್ನೂ ತಲ್ಯಾಗ ಇಟ್ಟಕೋ."

ಹೊರಗೆ ಬಂದಾಗ ಸುಡುಬಿಸಿಲು. ಬಸ್‌ಸ್ಟ್ಯಾಂಡಿನಲ್ಲಿ ಸವದತ್ತಿ ಗಾಡಿಗೆ ಕಾಯುತ್ತ ಅಜಿತ ಹೇಳಿದ. "ವಿಚಾರ ಏನು ಮಾಡೂದು ಇದರಾಗ? ಕೊಯ್ಸಿಬಿಡೂಣು. ಗಾಡಿ ರಸ್ತಾದಾಗ ನಿಲ್ಲೂತನಕ ಯಾರರ ಕಾಯ್ತಾರೇನು? ಮೊದಲ ಬಿಚ್ಚತಾರ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಮಾಲಾ ಹೂಂ ಎಂದಳು. ಅವಳಿಗೂ ಕೊಯ್ಯಿಸಿಬಿಡಬೇಕು ಎನ್ನಿಸುತ್ತಿತ್ತು. ಹಿಂದಿನ ಸಲ ಒಂಬತ್ತು ತಾಸು ತಿಂದ ಬ್ಯಾನೆ ಅವಳ ನಡುವಿನಲ್ಲಿ ಇನ್ನೂ ಉಳಿದಿತ್ತು. ಆ ಬ್ಯಾನೆಯ ಕೊನೆಯಲ್ಲಿ ಏನು ಸಿಗುತ್ತದೆಂದು ಅವಳಿಗೆ ಗೊತ್ತು. ಅದೇ ದಾರಿಯಲ್ಲಿ ಇನ್ನೊಮ್ಮೆ ನಡೆ ಎಂದರೆ ಕಾಲು ಏಳುವುದು ಹೇಗೆ? ಆದರೆ ಕೊಯ್ಯುವುದನ್ನು ನೆನೆದಾಗ ಬೇರೆಯೇ ಭಯ. ಅಡ್ಡ ಪರದೆ ಕಟ್ಟಿರುತ್ತಾರೆ. ಪರದೆಯ ಆಚೆ ಕೂಸನ್ನು ತೆಗೆಯುತ್ತಾರೆ. ಅದು ಅಳಲಿಲ್ಲವೆಂದರೆ? ಬಟ್ಟೆಯಲ್ಲಿ ಸುತ್ತಿ ಒಯ್ದುಬಿಟ್ಟರೆ? ಅರ್ಧ ದೇಹ ಮರಗಟ್ಟಿದವಳು ಎದ್ದು ಹೋಗಿ ಕಸಿದುಕೊಳ್ಳಲಾರಳು.

ಊರಲ್ಲಿ ಅವಳ ಬಸುರಿನ ಮಾತನ್ನು ಯಾರೂ ದೊಡ್ಡ ದನಿಯಲ್ಲಿ ಆಡುತ್ತಿರಲಿಲ್ಲ. ಬಸುರಿಗೆ ಮಾಡುವ ಕುಬಸದ ಮಾತು ಎತ್ತಲಿಲ್ಲ. ಬರುವ ಕೂಸಿನ ತಲೆಗೆ ಕುಂಚಿಗೆ, ಹೊದೆಯಲು ದುಪಟಿ ಹೊಲಿಯಲಿಲ್ಲ. ಮಾಳಿಗೆಯ ಮೇಲಿದ್ದ ತೊಟ್ಟಿಲನ್ನು ಅಜಿತ ಒಮ್ಮೆ ಇಳಿಸಲು ಹೋದಾಗ ಮರೆವ್ವ ಕಣ್ಣಲ್ಲೇ ತಡೆದಳು. ಬೀದಿಯಲ್ಲಿ ಎದುರಾದ ಹೆಂಗಸರು ಮುಖ ನೋಡುವ ಮೊದಲು ಹೊಟ್ಟೆ ನೋಡುತ್ತಿದ್ದರು, ಆಮೇಲೆ ಬೇರೆ ಮಾತು ತೆಗೆಯುತ್ತಿದ್ದರು. ಆ ಕರುಣೆ ಮಾಲಾಳಿಗೆ ಉಸಿರು ಕಟ್ಟಿಸುತ್ತಿತ್ತು. ಎಲ್ಲರಿಗೂ ಮುಂದಿನದು ಮೊದಲೇ ಗೊತ್ತಿದ್ದು, ತನಗೊಬ್ಬಳಿಗೇ ಹೇಳದೆ ಮುಚ್ಚಿಟ್ಟಿದ್ದಾರೆ ಎನ್ನಿಸುತ್ತಿತ್ತು.

ಡಾಕ್ಟರಿಗೆ ಉತ್ತರ ಹೇಳಲು ಇನ್ನು ಐದು ದಿನ ಉಳಿದಿರುವಾಗ, ಒಂದು ಮಧ್ಯಾಹ್ನ ಅತ್ತೆಸೊಸೆ ಇಬ್ಬರೇ ಮನೆಯಲ್ಲಿದ್ದರು. ಮರೆವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹೊರಗೆ ಗಾಳಿಯೇ ಇಲ್ಲ, ಬೇವಿನ ಎಲೆಯೂ ಅಲುಗುತ್ತಿರಲಿಲ್ಲ. ಮಾಲಾ ಗೋಡೆಗೆ ಒರಗಿ ಬೀಜ ಎಣಿಸುತ್ತಿದ್ದಳು. ನಾಲ್ಕಾಗಿದ್ದವು.

"ಕೊಯ್ಸಗೋ," ಎಂದಳು ಮರೆವ್ವ, ಮೊರದಿಂದ ಕಣ್ಣೆತ್ತದೆ.

ಮಾಲಾಳಿಗೆ ಆಶ್ಚರ್ಯವಾಯಿತು. ಆಪರೇಷನ್ ಎಂದರೆ ಅತ್ತೆ ಮುಖ ತಿರುವುತ್ತಾಳೆ ಎಂದುಕೊಂಡಿದ್ದಳು. "ಯಾಕ್ರಿ ಅತ್ತಿ? ನೀವ ಇಷ್ಟು ಮಂದೀನ ಹಡಿಸಿದವರು."

ಮರೆವ್ವ ಕಲ್ಲು ಆರಿಸುವುದನ್ನು ನಿಲ್ಲಿಸಿದಳು. "ಅವತ್ತು ನನ್ನ ಕೈಗೆ ಗೊತ್ತಾಗಿತ್ತು."

"ಏನು?"

"ಮಂಗಳವಾರ ಸಂಜಿ. ಕೈ ಇಟ್ಟ ಕೂಡಲೆ ಗೊತ್ತಾತು. ಕೂಸು ಇದ್ದದ್ದಿಲ್ಲ."

ಮಾಲಾಳ ಮುಷ್ಟಿಯಲ್ಲಿ ಬೀಜಗಳು ಒದ್ದೆಯಾದವು. ಮರೆವ್ವ ನಿಧಾನವಾಗಿ, ಒಂದೊಂದೇ ಮಾತು ಹೊರಗೆ ತೆಗೆದಳು.

"ಹಿಂದಕ ತೊರಗಲ್ಲದಾಗ ಒಬ್ಬಾಕಿಗೆ ಹೇಳಿಬಿಟ್ಟಿದ್ದೆ, ನಿನ್ನ ಹೊಟ್ಟ್ಯಾಗಿನ ಕೂಸು ಹೋಗೈತಿ ಅಂತ. ಅಕಿ ತಿಣಕೂದ ಬಿಟ್ಟಳು. ಯಾಕ ತಿಣಕಲಿ, ಯಾರ ಸಲುವಾಗಿ ತಿಣಕಲಿ ಅಂದಳು. ಎರಡು ದಿನ ಹಂಗ ಬಿದ್ದು ಅಕೀನೂ ಹೋದಳು. ನಿನಗ ಹೇಳಾಕ ನನಗ ಧೈರ್ಯ ಸಾಲಲಿಲ್ಲ. ನೀನರ ಉಳೀಲಿ ಅಂತ ಬಾಯಿ ಮುಚಗೊಂಡೆ."

"ಸೋಮವಾರ?" ಎಂದಳು ಮಾಲಾ. "ಸೋಮವಾರ ನಾ ನಿಮಗ ಹೇಳಿದ್ದೆ. ಗಪ್ ಆಗೈತಿ ಅಂತ ಹೇಳಿದ್ದೆ."

"ಹೇಳಿದ್ದಿ."

"ಅವತ್ತ ಕೈ ಇಟ್ಟು ನೋಡಿದ್ದರ ಉಳೀತಿತ್ತೇನ್ರಿ?"

ಮರೆವ್ವ ಆರಿಸಿದ ಕಲ್ಲುಗಳನ್ನು ಮುಷ್ಟಿಯಲ್ಲಿ ಕೂಡಿಸಿ ಬಾಗಿಲಾಚೆ ಎಸೆದಳು. "ಇಟ್ಟಿದ್ದಿಲ್ಲಲ್ಲ," ಎಂದಳು ಕೊನೆಗೆ. "ಅವತ್ತು ಇತ್ತೋ ಇಲ್ಲೋ, ನನಗ ಗೊತ್ತಿಲ್ಲ ಮಾಲಾ. ಇನ್ನ ಯಾರಿಗೂ ಗೊತ್ತಾಗೂದಿಲ್ಲ."

ಅದಾದ ಮೇಲೆ ಮೂರು ದಿನ ಮಾಲಾ ಅತ್ತೆಯ ಜೊತೆ ಮಾತಾಡಲಿಲ್ಲ. ಊಟಕ್ಕೆ ನೀಡುತ್ತಿದ್ದಳು, ನೀರು ಕೊಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಏನಾಗಿದೆ ಎಂದು ಅಜಿತ ಕೇಳಿದ. ಏನಿಲ್ಲ ಎಂದಳು. ಹೇಳಿದರೆ ಮಗನೂ ತಾಯಿಯೂ ಇನ್ನೆಂದೂ ಒಂದೇ ಸೂರಿನಡಿ ಉಣ್ಣಲಾರರು ಎಂದು ಅವಳಿಗೆ ಗೊತ್ತಿತ್ತು. ಮರೆವ್ವನೂ ಕ್ಷಮಿಸು ಎನ್ನಲಿಲ್ಲ. ಕರೆಯಲು ಬಂದ ಇಬ್ಬರನ್ನು ಮೈಯಲ್ಲಿ ಆರಾಮಿಲ್ಲ ಎಂದು ಹಿಂದಕ್ಕೆ ಕಳಿಸಿ, ಕಟ್ಟೆಯ ಮೇಲೆ ಕೂತು, ತನ್ನ ಎರಡೂ ಕೈ ನೋಡಿಕೊಳ್ಳುತ್ತಿದ್ದಳು.

ಸಿಟ್ಟು ಮಾಲಾಳ ಎದೆಯಲ್ಲಿ ಕೆಂಡದ ಹಾಗೆ ಕೂತಿತ್ತು. ಆದರೆ ಮೂರನೆಯ ದಿನ, ಅಂಗನವಾಡಿಯಿಂದ ಮನೆಗೆ ಬರುವ ಹಾದಿಯಲ್ಲಿ, ಅವಳಿಗೆ ಒಂದು ಮಾತು ಹೊಳೆಯಿತು. ಎರಡೂವರೆ ವರ್ಷದಿಂದ ಅವಳು ತನ್ನ ಮೈಯನ್ನೇ ದೂರುತ್ತ ಬಂದಿದ್ದಳು. ಕೂಸು ಒಳಗೇ ಸತ್ತರೂ ತನಗೆ ತಿಳಿಯಲಿಲ್ಲ, ತಾನೆಂಥ ತಾಯಿ ಎಂದು ಕೊರಗಿದ್ದಳು. ಈಗ ನೋಡಿದರೆ ತಿಳಿದಿತ್ತು. ಭಾನುವಾರ ಸಂಜೆಯೇ ತಿಳಿದಿತ್ತು. ಸೋಮವಾರ ಮುಂಜಾನೆ ಬಾಯಿ ಬಿಟ್ಟು ಹೇಳಿಯೂ ಇದ್ದಳು. ಅವಳ ಮೈ ಸುಳ್ಳು ಹೇಳಿರಲಿಲ್ಲ. ಕೇಳುವವರು ಕೇಳಿರಲಿಲ್ಲ. ಅವತ್ತು ತಾನೂ ತನ್ನ ಮಾತನ್ನು ಅರ್ಧಕ್ಕೇ ಬಿಟ್ಟು, ಅತ್ತೆ ಹೇಳಿದ್ದೇ ಹೌದೇನೋ ಎಂದು ಉಂಡು ಮಲಗಿದ್ದಳು. ಈ ಸಲ ಆ ಮೈಯನ್ನು ಮರಗಟ್ಟಿಸಿಕೊಳ್ಳದೆ, ಅದು ಹೇಳುವುದನ್ನು ಕೊನೆಯತನಕ ಕೇಳಬೇಕು ಎನ್ನಿಸಿತು.

ಆ ಸಂಜೆ ಮನೆಗೆ ಬಂದವಳು ಅಜಿತನಿಗೆ ಹೇಳಿದಳು. "ನಾ ಬ್ಯಾನಿ ತಿಂದ ಹಡೀತೇನಿ."

ಅವನು ಕೈಯಲ್ಲಿದ್ದ ತಾಟು ಕೆಳಗಿಟ್ಟ. "ಹುಚ್ಚು ಹಿಡದೈತೇನು ನಿನಗ?"

"ಕೇಳ್ರಿ ಪೂರಾ. ಬೆಳಗಾವಿ ಡಾಕ್ಟರು ಅಲ್ಲೇ ಇರೂ ದಿನಾನ ಹೋಗೂಣು. ಹಡಿಯೂದು ಆದ್ರ ಹಡೀತೇನಿ. ಕೂಸಿಗೆ ತ್ರಾಸ ಆಗಾಕತ್ತೈತಿ ಅಂದ್ರ ಅಲ್ಲೇ, ಅವಾಗ ಕೊಯ್ಸಗೋತೇನಿ. ಎಲ್ಲಾ ಕಣ್ಣಾರ ನೋಡಬೇಕು ನಾನು. ಈ ಸಲ ನನಗ ಗೊತ್ತಾಗಲಾರದಂಗ ಏನೂ ಆಗಬಾರದು."

ಆಮೇಲೆ ಅವಳು ಮೂರು ದಿನಗಳ ನಂತರ ಮೊದಲ ಸಲ ಅತ್ತೆಯ ಕಡೆ ತಿರುಗಿದಳು. "ನೀವೂ ಬರಬೇಕು ಒಳಗ. ನಿಮ್ಮ ಕೈಗೆ ಏನ ಗೊತ್ತಾದ್ರೂ ನನಗ ಹೇಳಬೇಕು. ಕೆಟ್ಟದ್ದು ಇದ್ದರೂ ಹೇಳಬೇಕು. ಆಣಿ ಮಾಡ್ರಿ."

ಮರೆವ್ವ ಆಣೆ ಮಾಡಲಿಲ್ಲ. ತಲೆಯಾಡಿಸಿದಳು.

ಶೈಲಜಾ ಡಾಕ್ಟರು ಒಪ್ಪಿದರು. ದಿನ ಮಂಗಳವಾರ ಎಂದರು. ಹಿಂದಿನ ಸಲ ಅತ್ತೆಯ ಕೈಗೆ ಗೊತ್ತಾದದ್ದೂ ಮಂಗಳವಾರವೇ ಆಗಿತ್ತಲ್ಲ. ಶುಕ್ರವಾರ ಆಗುವುದಿಲ್ಲವೇ ಎಂದು ಮಾಲಾ ಕೇಳಿದಳು. ಆ ಶುಕ್ರವಾರ ಬೆಳಗಾವಿಯ ಡಾಕ್ಟರು ಬರುವುದಿಲ್ಲ, ಅವರ ಮನೆಯಲ್ಲಿ ಮದುವೆ ಇದೆ, ಅದರ ಮುಂದಿನದಕ್ಕೆ ಕಾಯುವುದು ತನಗೆ ಬೇಡ ಎಂದರು ಡಾಕ್ಟರು.

ಸೋಮವಾರ ಸಂಜೆ ನರ್ಸಿಂಗ್ ಹೋಮಿಗೆ ಸೇರಿಸಿಕೊಂಡು ಔಷಧ ಇಟ್ಟರು. ಮಂಗಳವಾರ ಎಂಟು ಗಂಟೆಗೆ ಸಲಾಯಿನ್ ಹಚ್ಚಿದರು. ಹತ್ತರ ಹೊತ್ತಿಗೆ ಬ್ಯಾನೆ ಶುರುವಾಯಿತು. ಬೆಳಗಾವಿಯ ಡಾಕ್ಟರ ಬಿಳಿ ಕಾರು ಬಂದು ಅಂಗಳದಲ್ಲಿ ನಿಂತದ್ದನ್ನು ಮಾಲಾ ಕಿಟಕಿಯಿಂದ ನೋಡಿದಳು. ಆ ಕಾರು ನಾಲ್ಕು ಗಂಟೆಗೆ ಹೋಗುತ್ತದೆ ಎಂದು ನರ್ಸ್ ಹೇಳಿದ್ದಳು.

ಕೂಸಿನ ಎದೆಬಡಿತ ಕೇಳಿಸುವ ಸಣ್ಣ ಮಷೀನು ಇತ್ತು. ಅರ್ಧ ತಾಸಿಗೊಮ್ಮೆ ನರ್ಸ್ ಬಂದು ಹೊಟ್ಟೆಗೆ ಹಚ್ಚಿದಾಗ ಕುದುರೆ ಓಡಿದ ಹಾಗೆ ಸದ್ದು. ಆ ಸದ್ದು ನಿಂತ ಮೇಲೆ ಮುಂದಿನ ಅರ್ಧ ತಾಸು ಮಾಲಾಳಿಗೆ ಒಂದು ದಿನ. ಆ ಹೊತ್ತನ್ನೆಲ್ಲ ಮರೆವ್ವ ತುಂಬಿದಳು. ಮಂಚದ ಪಕ್ಕ ನಿಂತು, ಅಂಗೈ ಹೊಟ್ಟೆಯ ಮೇಲಿಟ್ಟು, ಕಣ್ಣು ಮುಚ್ಚಿ, ಒಂದೇ ಮಾತು ಹೇಳುತ್ತಿದ್ದಳು. "ಐತಿ." ಸ್ವಲ್ಪ ತಡೆದು ಮತ್ತೆ, "ಐತಿ." ಮಾಲಾ ಆ ಮಾತಿನ ಮೇಲೆ ಕಾಲಿಟ್ಟುಕೊಂಡೇ ಒಂದು ಬ್ಯಾನೆಯಿಂದ ಇನ್ನೊಂದಕ್ಕೆ ದಾಟುತ್ತಿದ್ದಳು. ಒಂದೂವರೆಗೆ ಕರೆಂಟ್ ಹೋಯಿತು. ಫ್ಯಾನು ನಿಂತಿತು. ಆಕಾಶ ಕಪ್ಪಾಗಿ, ಮಳೆ ಮಾತ್ರ ಬರದೆ, ಎಲ್ಲಿಯೋ ದೂರದಲ್ಲಿ ಗುಡುಗು ಉರುಳುತ್ತಿತ್ತು.

ಮೂರು ಗಂಟೆಯ ಸುಮಾರಿಗೆ ಮರೆವ್ವ 'ಐತಿ' ಎನ್ನುವುದನ್ನು ನಿಲ್ಲಿಸಿದಳು.

ಮಾಲಾ ಕಣ್ಣು ತೆರೆದಳು. ಅತ್ತೆಯ ಕೈ ಹೊಟ್ಟೆಯ ಮೇಲೆ ಹಾಗೆಯೇ ನಿಂತಿತ್ತು, ಎರಡೂವರೆ ವರ್ಷದ ಹಿಂದೆ ನಿಂತ ಹಾಗೆ.

"ಅತ್ತಿ."

ಮರೆವ್ವ ಅಂಗೈಯನ್ನು ಸ್ವಲ್ಪ ಕೆಳಗೆ ಸರಿಸಿ ಒತ್ತಿದಳು.

"ಅತ್ತಿ, ಹೇಳ್ರಿ!"

"ಐತಿ. ಇಲ್ಲ ಅನ್ನಂಗಿಲ್ಲ. ಆದ್ರ ಬ್ಯಾನಿ ಬಂದಾಗ ಮೊದಲು ಮಿಸುಕಾಡತಿತ್ತು, ಈಗ ಕುಗ್ಗಿ ಕುಂದ್ರತೈತಿ. ಡಾಕ್ಟರ್ನ ಕರೀರಿ ಯಾರರ!"

ಶೈಲಜಾ ಡಾಕ್ಟರು ಓಡಿ ಬಂದು ಮಷೀನು ಹಚ್ಚಿದರು. ಓಡುತ್ತಿದ್ದ ಕುದುರೆ ಬ್ಯಾನೆ ಏರಿದಾಗ ಮುಗ್ಗರಿಸುತ್ತಿತ್ತು, ನಿಧಾನವಾಗುತ್ತಿತ್ತು, ಆಮೇಲೆ ಮತ್ತೆ ಎದ್ದು ಓಡುತ್ತಿತ್ತು. ಡಾಕ್ಟರು ಸಲಾಯಿನ್ ನಿಲ್ಲಿಸಿದರು. ಪರೀಕ್ಷೆ ಮಾಡಿದಾಗ ನೀರು ಹಸಿರಾಗಿ ಬಂತು. ಕೂಸು ಒಳಗೇ ಹೇಸಿಗೆ ಮಾಡಿಕೊಂಡಿತ್ತು.

"ಮಾಲಾ, ನನ್ನ ಮುಖ ನೋಡು," ಎಂದರು ಡಾಕ್ಟರು. "ಹಾದಿ ಪೂರಾ ಬಿಟ್ಟಿಲ್ಲ, ಆದ್ರ ಬಾಳ ಉಳಿದಿಲ್ಲ. ಒಂದು ತಾಸಿನ್ಯಾಗ ಹಡದರೂ ಹಡಿಬಹುದು, ತಡಾ ಆಗಲೂಬಹುದು. ಕೂಸಿಗೆ ತ್ರಾಸ ಆಗಾಕತ್ತೈತಿ. ನಾನಂತೂ ಕೊಯ್ಯೂದು ಚೊಲೋ ಅಂತೇನಿ. ನೀ ಹೂಂ ಅನಬೇಕು."

ಬೇಡವೆಂದು ಬಿಟ್ಟುಬಂದ ಪ್ರಶ್ನೆ ಮತ್ತೆ ಅವಳ ಎದುರಿಗೇ ಬಂದು ನಿಂತಿತ್ತು, ಈಗ ವಿಚಾರ ಮಾಡಲು ಎರಡು ವಾರವಲ್ಲ, ಎರಡು ಬ್ಯಾನೆಯ ನಡುವಿನ ಬಿಡುವು ಮಾತ್ರ. ಇಷ್ಟು ತಿಂದದ್ದು ದಂಡ ಆಗುತ್ತದಲ್ಲ ಎಂದು ಮನಸ್ಸಿನ ಒಂದು ಮೂಲೆ ಅಂದಿತು. ಅವಳು ಅತ್ತೆಯನ್ನು ನೋಡಿದಳು. ಮರೆವ್ವನ ಹಣೆಯಿಂದ ಬೆವರು ಇಳಿಯುತ್ತಿತ್ತು.

"ನೀವಾಗಿದ್ರ ಕಾಯ್ತಿದ್ರೇನ್ರಿ?"

"ಮೊದಲಾಗಿದ್ರ ಕಾಯ್ತಿದ್ದೆ," ಎಂದಳು ಮರೆವ್ವ. "ಈಗ ನನಗ ಅಂಜಿಕಿ ಬರಾಕತ್ತೈತಿ ಮಾಲಾ."

ಅತ್ತೆಯ ಬಾಯಲ್ಲಿ ಆ ಮಾತನ್ನು ಅವಳು ಎಂದೂ ಕೇಳಿರಲಿಲ್ಲ.

"ಕೊಯ್ರಿ," ಎಂದಳು ಮಾಲಾ. "ಆದ್ರ ಒಂದು ಮಾತು ಬಾಯಾರ. ಹೆಂಗ ಇದ್ದರೂ ನನಗ ಮುಖ ತೋರಸಬೇಕು. ಸತ್ತಿದ್ದರೂ ತೋರಸಬೇಕು. ಸುತ್ತಿ ಒಯ್ಯಬಾರದು."

"ತೋರಸ್ತೇನಿ."

ಜನರೇಟರ್ ಹಚ್ಚಿದರು. ಕೂತಲ್ಲೇ ಬಾಗಿಸಿ ಬೆನ್ನಿಗೆ ಸೂಜಿ ಚುಚ್ಚಿದಾಗ ಹೊರಗೆ ಮಳೆ ಶುರುವಾದ ಸದ್ದು ಕೇಳಿಸಿತು. ಕಾಲು ಬಿಸಿಯಾದವು, ಭಾರವಾದವು, ಆಮೇಲೆ ಇಲ್ಲವೇ ಇಲ್ಲ ಎಂಬಂತಾದವು. ಎದೆಯ ಮೇಲೆ ಹಸಿರು ಪರದೆ ಬಂತು. ಅವಳು ಭಯಪಟ್ಟ ಪರದೆ ಅದೇ. ಮರೆವ್ವನನ್ನು ಬಾಗಿಲಾಚೆ ಕಳಿಸಿದರು. ಪರದೆಯ ಆಚೆ ಕತ್ತರಿ ಇಟ್ಟ ಸದ್ದು, ನೀರು ಸುರಿದ ಸದ್ದು, ಯಾರೋ ಹೊಟ್ಟೆಯೊಳಗೆ ಕೈ ಹಾಕಿ ಬುತ್ತಿ ಗಂಟು ಹುಡುಕಿದ ಹಾಗೆ ಜಗ್ಗಾಟ. ನೋವಿರಲಿಲ್ಲ. ನೋವಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ. ಆಗ ಮೈಯಾದರೂ ಮಾತಾಡುತ್ತಿತ್ತು.

ಆಮೇಲೆ ಒಮ್ಮೆಗೇ ಹೊಟ್ಟೆ ಖಾಲಿಯಾಯಿತು.

ಸದ್ದಿಲ್ಲ.

ಮಾಲಾ ಕಾದಳು. ಮಳೆಯ ಸದ್ದು, ಜನರೇಟರಿನ ಸದ್ದು. ಪರದೆಯ ಆಚೆ ಶೈಲಜಾ ಡಾಕ್ಟರು ಮೆಲ್ಲಗೆ ಏನೋ ಅಂದರು. ನರ್ಸ್ ಮೂಲೆಯ ಮೇಜಿನ ಕಡೆ ಹೋದದ್ದು ಅವಳ ಕಣ್ಣಂಚಿಗೆ ಕಾಣಿಸಿತು. ನರ್ಸಿನ ಬೆನ್ನು ಅಡ್ಡ ಇತ್ತು. ಸೊರಸೊರ ಎಂದು ನಳಿಗೆಯಲ್ಲಿ ಏನೋ ಹೀರುವ ಸದ್ದು. ಅಂಗಾಲು ತಟ್ಟಿದ ಸದ್ದು. ಒಮ್ಮೆ. ಎರಡನೆಯ ಸಲ.

"ತೋರಸ್ರಿ," ಎಂದಳು ಮಾಲಾ. ಯಾರೂ ತಿರುಗಲಿಲ್ಲ. "ತೋರಸ್ತೇನಿ ಅಂದಿದ್ರಿ! ಮುಖ ತೋರಸ್ರಿ ನನಗ!"

ಬೆಳಗಾವಿಯ ಡಾಕ್ಟರು ಅವಳ ಭುಜದ ಮೇಲೆ ಕೈಯಿಟ್ಟರು. ಆ ಕೈಯನ್ನು ಅವಳು ಜಾಡಿಸಿದಳು. ಅಷ್ಟರಲ್ಲಿ ಮೂಲೆಯಿಂದ ಬೆಕ್ಕಿನ ಮರಿ ಕೂಗಿದಂಥ ದನಿ ಬಂತು. ನಿಂತಿತು. ಮತ್ತೆ ಬಂತು. ಈ ಸಲ ಸಿಟ್ಟಿನಿಂದ, ಉದ್ದವಾಗಿ.

ನರ್ಸ್ ತಂದು ಅವಳ ಕೆನ್ನೆಯ ಪಕ್ಕ ಹಿಡಿದಳು. ನೀಲಿಗಟ್ಟಿದ ತುಟಿ ನಿಧಾನವಾಗಿ ಕೆಂಪಾಗುತ್ತಿತ್ತು. ಹಣೆಯ ಮೇಲೆ ಮಡಿಕೆ, ಒಂದು ಕಣ್ಣು ಮುಚ್ಚಿ ಒಂದು ಕಣ್ಣು ಅರ್ಧ ತೆರೆದ ಮುಖ. ಹೆಣ್ಣು. ಮಾಲಾ ಒಂದು ಮುಖ ನೋಡುತ್ತ ಎರಡು ಮುಖ ನೋಡಿದಳು. ಆಗ ಅವಳಿಗೆ ಅಳು ಬಂತು. ಯಾರು ಹೇಳಿದರೂ ನಿಲ್ಲಲಿಲ್ಲ.

ಹೊಕ್ಕುಳಬಳ್ಳಿ ಕೊರಳಿಗೆ ಎರಡು ಸುತ್ತು ಬಿಗಿದಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಮೊದಲೇ ದಿನ ಗೊತ್ತು ಮಾಡಿ ಕೊಯ್ದಿದ್ದರೆ ಇಷ್ಟು ಫಜೀತಿ ಆಗುತ್ತಿರಲಿಲ್ಲವೇ ಎಂದು ಅಜಿತ ಕೇಳಿದ. ಆಗುತ್ತಿರಲಿಲ್ಲ ಎಂದರು ಡಾಕ್ಟರು. ಇನ್ನೂ ಕಾದಿದ್ದರೆ ತಾನಾಗಿಯೇ ಹಡೆಯುತ್ತಿದ್ದೆನೇ ಎಂದು ಮಾಲಾ ಕೇಳಿದಳು. ಹಡೆಯಲೂಬಹುದಿತ್ತು ಎಂದರು. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ.

ಆರನೆಯ ದಿನ ಹೊಲಿಗೆಯಲ್ಲಿ ಕೀವಾಯಿತು. ಜ್ವರ ಬಂತು. ಮರೆವ್ವ ಹಗಲೆಲ್ಲ ಕೂಸನ್ನು ನೋಡಿಕೊಂಡಳು, ಹಾಲಿಗೆ ಮಾತ್ರ ತಾಯಿಯ ಪಕ್ಕ ಮಲಗಿಸುತ್ತಿದ್ದಳು. ಹದಿಮೂರನೆಯ ದಿನ ಮನೆಗೆ ಬಿಟ್ಟರು. ಅಜಿತ ಗೆಳೆಯನ ಟ್ರ್ಯಾಕ್ಸ್ ಗಾಡಿಯನ್ನು ಡ್ರೈವರ್ ಸಮೇತ ತಂದಿದ್ದ. ಮಾಲಾ ಹಿಂದಿನ ಸೀಟಿನಲ್ಲಿ ಹೊಟ್ಟೆಗೆ ದಿಂಬು ಒತ್ತಿಕೊಂಡು, ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಪಕ್ಕದಲ್ಲಿ ಮರೆವ್ವ. ಬೈಲಹೊಂಗಲ ದಾಟಿ ಐದು ಮೈಲು ಆಗಿರಲಿಲ್ಲ, ಕೂಸು ನಿದ್ದೆ ಹೋಯಿತು. ಗಾಡಿಯ ಕುಲುಕಾಟದಲ್ಲಿ ಉಸಿರಾಡುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ.

"ನಿಲ್ಲಸ್ರಿ," ಎಂದಳು ಮಾಲಾ.

ಗಾಡಿ ನಿಂತಿತು. ಅವಳು ಕುಂಚಿಗೆ ಸರಿಸಿ ಮೂಗಿನ ಕೆಳಗೆ ಬೆರಳಿಟ್ಟಳು. ಬೆಚ್ಚಗೆ ತಾಗಿತು. ಮತ್ತೆ ಹೊರಟರು. ಎರಡನೆಯ ಸಲ ನಿಲ್ಲಿಸಿದಳು. ಮೂರನೆಯ ಸಲ ನಿಲ್ಲಿಸಿದಾಗ ಅಜಿತ ಹಿಂದೆ ತಿರುಗಿ ಏನೋ ಹೇಳಹೊರಟವನು ಅವಳ ಮುಖ ನೋಡಿ ಸುಮ್ಮನಾದ. ಹೊಲಿಗೆ ಹಿಡಿದು ಎಳೆಯುತ್ತಿತ್ತು, ಪ್ರತಿ ಸಲ ಬಾಗಿದಾಗಲೂ ಅವಳ ಕಣ್ಣಿಗೆ ಕತ್ತಲೆ ಬರುತ್ತಿತ್ತು.

ಮರೆವ್ವ ಎರಡೂ ಕೈ ಚಾಚಿದಳು. "ಕೊಡಿಲ್ಲೆ. ನೀ ಸ್ವಲ್ಪ ಒರಗು. ನಾ ನೋಡ್ತೇನಿ."

ಮಾಲಾ ಆ ಕೈಗಳನ್ನು ನೋಡಿದಳು. ಗಂಟುಗಟ್ಟಿದ ಬೆರಳು, ಸವೆದ ಉಗುರು. ಬಹಳ ಹೊತ್ತು ನೋಡಿದಳು. ಮುಂದೆ ಡ್ರೈವರ್ ಗಾಡಿಯನ್ನು ಗೇರಿನಲ್ಲಿಟ್ಟು ಕಾಯುತ್ತಿದ್ದ. ಆಮೇಲೆ ಅವಳು ಕೂಸನ್ನು ಎತ್ತಿ ಅತ್ತೆಯ ತೊಡೆಯ ಮೇಲೆ ಇಟ್ಟಳು.

ಕಣ್ಣು ಮುಚ್ಚಲಿಲ್ಲ. ಕುಂಚಿಗೆಯ ಅಂಚಿನ ಮೇಲೆಯೇ ದೃಷ್ಟಿ ನೆಟ್ಟು ಕೂತಳು. ಆದರೆ ಸವದತ್ತಿ ಬರುವತನಕ ಗಾಡಿ ನಿಲ್ಲಿಸಿ ಎನ್ನಲಿಲ್ಲ.